ವ್ಯಾನ್ ಒಳಗೆ ಮನೆ ಮಾಡೋ ಮುಂಚೆ ಒಂದು ತೂಕದ ಚೀಟಿ

ನಮ್ಮ ಕಡೆ ಕ್ಯಾರವಾನ್ ಅಂದ್ರೆ ಇವತ್ತಿಗೂ ನೆನಪಿಗೆ ಬರುವುದು ಶೂಟಿಂಗ್ ಜಾಗದಲ್ಲಿ ನಿಂತಿರುವ ಸಿನಿಮಾದವರ ಬಸ್ಸೇ. ನಾನು ಹೇಳುತ್ತಿರುವುದು ಅದಲ್ಲ. ಒಂದು ಸಾಧಾರಣ ವ್ಯಾನ್, ಒಳಗೆ ಇಬ್ಬರು ಮಲಗಲು ಜಾಗ, ಟೀ ಕಾಸಲು ಒಲೆ, ಹಾಲು ಮೊಸರು ಇಡಲು ಪುಟ್ಟ ಫ್ರಿಜ್, ಒಂದು ಫ್ಯಾನ್, ಒಂದಿಷ್ಟು ನೀರು. ಇಷ್ಟನ್ನು ನಾವೇ ಜೋಡಿಸಿಕೊಳ್ಳುವುದು. ಯೂಟ್ಯೂಬ್‌ನಲ್ಲಿ ನೋಡಿದರೆ ಇದು ಪೂರ್ತಿ ಬಡಗಿ ಕೆಲಸದ ಹಾಗೆ ಕಾಣುತ್ತದೆ. ಪ್ಲೈವುಡ್ ಕೊಯ್ಯುತ್ತಾರೆ, ಮರದ ಪಟ್ಟಿ ಹೊಡೆಯುತ್ತಾರೆ, ಹಳದಿ ಲೈಟಿನ ಸರ ತೂಗುಹಾಕುತ್ತಾರೆ, ಮುಗೀತು. ನಾನೂ ಹಾಗೇ ಅಂದುಕೊಂಡು ಶುರು ಮಾಡಿದೆ. ಮೊದಲ ಸಲ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಕಿತ್ತು ಮತ್ತೆ ಮಾಡಬೇಕಾಯಿತು. ಆಗ ಗೊತ್ತಾಗಿದ್ದು, ಇದು ಮನೆ ಕಟ್ಟುವುದಕ್ಕಿಂತ ಲಗೇಜ್ ಕಟ್ಟುವುದಕ್ಕೆ ಹತ್ತಿರದ ಕೆಲಸ ಅಂತ. ಒಳಗೆ ಇಡುವ ಪ್ರತಿಯೊಂದಕ್ಕೂ ಎಷ್ಟು ಕೆಜಿ, ಎಷ್ಟು ಕರೆಂಟು ಅಂತ ಲೆಕ್ಕ ಕೊಡಬೇಕು.

ಬೇಜಾರಾದರೂ ಮೊದಲು ಕಾಗದದ ವಿಷಯ ಮುಗಿಸಿಬಿಡೋಣ, ಯಾಕೆಂದರೆ ನಮ್ಮ ದೇಶದಲ್ಲಿ ಇದು ಗೊತ್ತಿಲ್ಲದೆ ತಗಡಿಗೆ ಕತ್ತರಿ ಹಾಕಿದವರು ಆಮೇಲೆ ತಲೆ ಮೇಲೆ ಕೈ ಇಟ್ಟುಕೊಂಡು ಕೂರುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದು ಇಷ್ಟು: ಆರ್‌ಸಿಯಲ್ಲಿ ಇರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯನ್ನೂ ಸೇರಿಸಿದರು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. "ಪ್ರತಿ ಬದಲಾವಣೆಗೆ" ಅನ್ನುವುದನ್ನು ಗಮನಿಸಿ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ವಾಹನ ವರ್ಗಗಳ ಪಟ್ಟಿಯಲ್ಲಿ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಂತ ಒಂದು ವರ್ಗವೇ ಇದೆ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಅನ್ನುವ ಮಾನದಂಡವೂ ಇದೆ. ಕ್ಯಾರವಾನ್ ಅನ್ನಿಸಿಕೊಳ್ಳಬೇಕಾದರೆ ಒಳಗೆ ನಾಲ್ಕು ಇರಲೇಬೇಕು: ಸೀಟು ಮತ್ತು ಮೇಜು, ಮಲಗುವ ಜಾಗ, ಅಡುಗೆಗೆ ವ್ಯವಸ್ಥೆ, ಸಾಮಾನು ಇಡುವ ಜಾಗ. ಮೇಜು ಒಂದನ್ನು ಬಿಟ್ಟು ಉಳಿದದ್ದೆಲ್ಲ ಗಾಡಿಗೆ ಭದ್ರವಾಗಿ ಕೂತಿರಬೇಕು. ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಪರೀಕ್ಷೆ ಆಗಿ ಮಂಜೂರಾತಿ ಸಿಗಬೇಕು. ಇದು ಬಾಡಿ ಬಿಲ್ಡರ್‌ಗಳ ದಾರಿ. ಒಂದೇ ಒಂದು ವ್ಯಾನಿಗೆ ನಾನು ನೀವು ಇಷ್ಟೆಲ್ಲ ಓಡಾಡುವುದು ಕಷ್ಟ.

ನಾನು ಹಿಡಿದದ್ದು ಇನ್ನೊಂದು ದಾರಿ. ಗಾಡಿಯ ಸೀಟು, ಬೆಲ್ಟು, ತಗಡು ಯಾವುದನ್ನೂ ಮುಟ್ಟಲಿಲ್ಲ. ಹಾಸಿಗೆ, ಅಡುಗೆ ಪೆಟ್ಟಿಗೆ, ಬ್ಯಾಟರಿ ಪೆಟ್ಟಿಗೆ ಎಲ್ಲವೂ ಬೇರೆ ಬೇರೆ, ಹಿಂದಿನ ಸಾಮಾನು ಜಾಗದಲ್ಲಿ ಕೂರುತ್ತವೆ, ಬೆಲ್ಟ್ ಹಾಕಿ ಬಿಗಿಯುತ್ತೇವೆ. ರಾತ್ರಿ ಸೀಟು ಮಡಚಿ ಅದರ ಮೇಲೆ ಹಲಗೆ ಎಳೆದರೆ ಹಾಸಿಗೆ. ಒಂದು ಗಂಟೆ ಕೊಟ್ಟರೆ ಎಲ್ಲ ಇಳಿಸಿ ಮತ್ತೆ ಮಾಮೂಲಿ ವ್ಯಾನ್. ನನ್ನ ಪ್ರಕಾರ ಇದು ಸಾಮಾನು ಸಾಗಿಸುವುದಕ್ಕೆ ಸಮ. ಆದರೆ ನಾನು ವಕೀಲ ಅಲ್ಲ. ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ಇನ್ಶೂರೆನ್ಸ್ ಕಂಪನಿಗೂ ಒಂದು ಮಾತು ಬರೆದು ತಿಳಿಸಿ. ಅಪಘಾತ ಆದ ಮೇಲೆ ಹೇಳಿದರೆ ಕೇಳುವವರಿಲ್ಲ.

ಈಗ ತೂಕ. ಆರ್‌ಸಿಯಲ್ಲೋ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೋ ಎರಡು ಸಂಖ್ಯೆ ಇರುತ್ತದೆ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ತುಂಬಿದ ಗಾಡಿ ಗರಿಷ್ಠ ಎಷ್ಟು ತೂಗಬಹುದು ಅನ್ನುವುದು. ಎರಡರ ನಡುವಿನ ಅಂತರವೇ ನಿಮ್ಮ ಬಂಡವಾಳ. ಅದರಲ್ಲಿ ನೀವು, ನಿಮ್ಮ ಹೆಂಡತಿ ಮಕ್ಕಳು, ಬಟ್ಟೆ, ಅಕ್ಕಿ, ಡೀಸೆಲ್, ನೀರು ಎಲ್ಲ ಬಂತು. ನೀರಿನ ಲೆಕ್ಕ ಸುಲಭ, ಲೀಟರಿಗೆ ಒಂದು ಕೆಜಿ. ಮೋಸ ಮಾಡುವುದು ಪ್ಲೈವುಡ್. ಎಂಟು ಅಡಿಗೆ ನಾಲ್ಕು ಅಡಿಯ 18 ಮಿಲಿಮೀಟರ್ ಹಾಳೆ ಒಂದೊಂದೂ ಸುಮಾರು 35 ಕೆಜಿ ತೂಗುತ್ತದೆ. ಮನೆ ವಾರ್ಡ್‌ರೋಬ್ ಮಾಡುವ ಬಡಗಿಗೆ ವ್ಯಾನ್ ಕೊಟ್ಟರೆ ಅವನು ಕಣ್ಣು ಮುಚ್ಚಿ 18 ಮಿಲಿಮೀಟರ್ ತರಿಸುತ್ತಾನೆ, ಅದರ ಮೇಲೆ ಲ್ಯಾಮಿನೇಟ್ ಬೇರೆ ಅಂಟಿಸುತ್ತಾನೆ. ಹತ್ತು ಹಾಳೆ ಹೋದರೆ 350 ಕೆಜಿ. ಐದು ಜನ ದೊಡ್ಡವರನ್ನು ಖಾಯಂ ಆಗಿ ಹತ್ತಿಸಿಕೊಂಡು ಓಡಾಡಿದ ಹಾಗೆ ಆಯ್ತಲ್ವಾ? ಅದೂ ಅವರು ಹಂಪ್ ಬಂದರೂ ಇಳಿಯಲ್ಲ, ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಬಿಸಿ ಆದರೂ ಇಳಿಯಲ್ಲ.

ಹೆದ್ದಾರಿ ಪಕ್ಕದಲ್ಲಿ, ಎಪಿಎಂಸಿ ಹತ್ತಿರ ಲಾರಿಗಳನ್ನು ತೂಗುವ ವೇ ಬ್ರಿಡ್ಜ್ ಇರುತ್ತದಲ್ಲ, ಅಲ್ಲಿಗೆ ಹೋಗಿ. ಕೆಲಸ ಶುರು ಮಾಡುವ ಮುಂಚೆ ಒಂದು ಚೀಟಿ, ಅರ್ಧ ಆದಾಗ ಒಂದು, ಪೂರ್ತಿ ತುಂಬಿಕೊಂಡು ಹೊರಟಾಗ ಒಂದು. ಬೇಕಾದರೆ ಮುಂದಿನ ಚಕ್ರ ಮಾತ್ರ ಹತ್ತಿಸಿ, ಆಮೇಲೆ ಹಿಂದಿನದು ಮಾತ್ರ ಹತ್ತಿಸಿ ತೂಗಿಸಿ. ನಮ್ಮ ಮೊದಲ ಜೋಡಣೆಯಲ್ಲಿ ನೀರು, ಬ್ಯಾಟರಿ, ಗ್ಯಾಸ್ ಎಲ್ಲ ಬಾಗಿಲ ಹತ್ತಿರ ಇರಲಿ ಅಂತ ತೀರಾ ಹಿಂದಕ್ಕೆ ಇಟ್ಟಿದ್ದೆವು. ಹಿಂದಿನ ಚಕ್ರದ ಆಚೆ ಇಟ್ಟ ಭಾರ ಸನ್ನೆಕೋಲಿನ ಹಾಗೆ ಕೆಲಸ ಮಾಡುತ್ತದೆ, ಮುಂದಿನ ಚಕ್ರವನ್ನು ಎತ್ತಿ ಹಗುರ ಮಾಡುತ್ತದೆ. ಸ್ಟೇರಿಂಗ್ ತೇಲಿದ ಹಾಗೆ ಅನ್ನಿಸುವುದಕ್ಕೆ ಕಾರಣ ಅದೇ. ಈಗ ನೀರು ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ, ಬಲಕ್ಕೆ. ಬ್ಯಾಟರಿ ಎಡಕ್ಕೆ.

ಮರದ ಕೆಲಸದ ಬಗ್ಗೆ ಒಂದು ಮಾತು. ಮನೆ ಅಲುಗಾಡಲ್ಲ, ವ್ಯಾನ್ ಪ್ರತಿ ಸೆಕೆಂಡ್ ಅಲುಗಾಡುತ್ತದೆ. ಮೊಳೆ ಮತ್ತು ಫೆವಿಕಾಲ್ ನಂಬಿ ಮಾಡಿದ ಜೋಡಣೆ ಸಾವಿರ ಕಿಲೋಮೀಟರ್ ಆದ ಮೇಲೆ ಕಿರ್ ಕಿರ್ ಅನ್ನಲು ಶುರು. ನಟ್ಟು ಬೋಲ್ಟು ಹಾಕಿ, ಅದರಲ್ಲೂ ಒಳಗೆ ನೈಲಾನ್ ಬಳೆ ಇರುವ ನಟ್ಟು ಹಾಕಿ, ಅದು ಅಲುಗಾಟಕ್ಕೆ ಸಡಿಲ ಆಗಲ್ಲ. ಚೌಕಟ್ಟಿಗೆ ಅಲ್ಯೂಮಿನಿಯಂ, ಮುಚ್ಚಲು ಮಾತ್ರ 6 ಅಥವಾ 9 ಮಿಲಿಮೀಟರ್ ಪ್ಲೈ ಸಾಕು. ಪ್ಲೈ ಕೊಳ್ಳುವಾಗ ಐಎಸ್ 710 ಅಂತ ಮುದ್ರೆ ಇರುವ ಮರೈನ್ ದರ್ಜೆ ನೋಡಿ. ಐಎಸ್ 303ರಲ್ಲಿ ಬರುವ ಮಾಮೂಲಿ ಎಂಆರ್ ಪ್ಲೈ ಮಲೆನಾಡಿನ ಒಂದು ಮಳೆಗಾಲಕ್ಕೆ ಉಬ್ಬುತ್ತದೆ. ಬಾಗಿಲಿಗೆ ಮ್ಯಾಗ್ನೆಟ್ ಕ್ಯಾಚರ್ ನಂಬಬೇಡಿ. ಹಾಸನ ದಾಟಿ ಯಾವುದೋ ಹಳ್ಳಿಯ ಬಣ್ಣ ಬಳಿಯದ ಹಂಪ್ ಮೇಲೆ ನಮ್ಮ ಕಪಾಟು ತೆರೆದುಕೊಂಡಿತು. ಅಮ್ಮ ಕೊಟ್ಟ ಮಿಡಿ ಉಪ್ಪಿನಕಾಯಿ ಜಾಡಿ ಹಾಸಿಗೆ ಮೇಲೆ ಹಾರಿ ಬಿತ್ತು. ಆ ಹಾಸಿಗೆಗೆ ಇವತ್ತಿಗೂ ಇಂಗಿನ ವಾಸನೆ ಇದೆ. ಒತ್ತಿದರೆ ಹೊರಗೆ ಬಂದು, ಮತ್ತೆ ಒತ್ತಿದರೆ ಬೀಗ ಬೀಳುವ ಗುಂಡಿ ಚಿಲಕ ಸಿಗುತ್ತದೆ, ಅದನ್ನೇ ಹಾಕಿ.

ಹೊರದೇಶದ ವಿಡಿಯೋ ನೋಡಿ ಕಲಿಯುವವರು ಎಡವುವುದು ಶಾಖದ ವಿಷಯದಲ್ಲಿ. ಅವರಿಗೆ ಚಳಿ ಶತ್ರು, ಹಾಗಾಗಿ ನೆಲ, ಗೋಡೆ, ಚಾವಣಿ ಎಲ್ಲದಕ್ಕೂ ದಪ್ಪ ಹೊದಿಕೆ, ಮೇಲಿಂದ ಡೀಸೆಲ್ ಹೀಟರ್. ನಮಗೆ ಹೀಟರ್ ಯಾಕೆ? ನಮಗೆ ಎರಡು ಶತ್ರು: ಮೇಲಿನ ತಗಡಿನಿಂದ ಇಳಿಯುವ ಬಿಸಿ ಮತ್ತು ಒಳಗೆ ಸಿಕ್ಕಿಕೊಳ್ಳುವ ತೇವ. ತಾರಸಿ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇದ್ದವರಿಗೆ ಮೊದಲನೆಯದನ್ನು ಹೇಳಿಕೊಡಬೇಕಾಗಿಲ್ಲ. ಬಿಸಿಲಲ್ಲಿ ಕಾದ ತಗಡು ಒಳಗಿನ ಗಾಳಿಯನ್ನು ಮಾತ್ರ ಬಿಸಿ ಮಾಡುವುದಲ್ಲ, ಕಾವಲಿಯ ಹಾಗೆ ನೇರ ತಲೆ ಮೇಲೆ ಶಾಖ ಸುರಿಸುತ್ತದೆ. ಹಾಗಾಗಿ ದುಡ್ಡು ಕಡಿಮೆ ಇದ್ದರೆ ಎಲ್ಲವನ್ನೂ ಚಾವಣಿಗೇ ಹಾಕಿ, ನೆಲವನ್ನು ಮರೆತುಬಿಡಿ. ಎಸಿ ಡಕ್ಟ್ ಕೆಲಸದವರು ಬಳಸುವ ಕಪ್ಪು ನೈಟ್ರೈಲ್ ರಬ್ಬರ್ ಫೋಮ್ ಒಳ್ಳೆಯದು, ನೀರು ಹೀರುವುದಿಲ್ಲ. ಗ್ಲಾಸ್ ವೂಲ್ ಬೇಡ, ತೇವ ಕುಡಿದು ಜೋತು ಬೀಳುತ್ತದೆ. ಗಾಡಿ ಬಿಳಿ ಇದ್ದರೆ ಅರ್ಧ ಕೆಲಸ ಬಣ್ಣವೇ ಮಾಡಿರುತ್ತದೆ.

ಹೊದಿಕೆ ಬಿಸಿಯನ್ನು ತಡ ಮಾಡುತ್ತದೆ ಅಷ್ಟೆ, ತಡೆಯಲ್ಲ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನಕ್ಕೆ ಯಾವ ಫೋಮೂ ಉತ್ತರ ಅಲ್ಲ, ಹುಣಸೆ ಮರದ ನೆರಳೇ ಉತ್ತರ. ಮರ ಹುಡುಕಿ ನಿಲ್ಲಿಸಿದ ಮೇಲೆ ಗಾಳಿ ಓಡಬೇಕು. ಬಿಸಿ ಗಾಳಿ ಮೇಲೆ ಹೋಗುತ್ತದೆ ಅಂತ ಶಾಲೆಯಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಳಗಿನಿಂದ ಒಂದು ದಾರಿ ಒಳಗೆ, ಎತ್ತರದಿಂದ ಒಂದು ದಾರಿ ಹೊರಗೆ. ಚಾವಣಿಗೆ ತೂತು ಹೊಡೆಯುವ ಬದಲು ನಾನು ಜಾರುವ ಕಿಟಕಿಯ ಅಳತೆಗೆ ಒಂದು ಚೌಕಟ್ಟು ಮಾಡಿದೆ. ಅದರಲ್ಲಿ ಸೊಳ್ಳೆ ಪರದೆ, ಮತ್ತು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ 12 ವೋಲ್ಟಿನ ಎರಡು ಕಂಪ್ಯೂಟರ್ ಫ್ಯಾನ್, ಗಾಳಿ ಹೊರಗೆ ತಳ್ಳುವ ಹಾಗೆ. ಎದುರು ಕಿಟಕಿ ಎರಡು ಇಂಚು ತೆರೆದಿಟ್ಟರೆ ಗಾಳಿ ನಮ್ಮ ಮೈ ಮೇಲೆ ಹಾದು ಹೋಗುತ್ತದೆ. ಎರಡೂ ಸೇರಿ ಒಂದು ರಾತ್ರಿಗೆ ತಿನ್ನುವ ಕರೆಂಟು ಒಂದು ಲ್ಯಾಪ್‌ಟಾಪ್ ಚಾರ್ಜ್‌ಗೆ ಸಮ. ತಗಡು ಕೊರೆಯದ ಇನ್ನೊಂದು ಲಾಭ, ಆಗುಂಬೆಯ ಮಳೆಯಲ್ಲಿ ನೆಮ್ಮದಿಯಿಂದ ಮಲಗಬಹುದು. ಕೊರೆಯಲೇಬೇಕು ಅಂದರೆ ಕೊರೆದ ಅಂಚಿಗೆ ಮೊದಲು ಪ್ರೈಮರ್ ಬಳಿಯಿರಿ, ಆಮೇಲೆ ಪಾಲಿಯುರೆಥೇನ್ ಸೀಲೆಂಟ್. ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಅಲ್ಲಿ ಬಾಳಿಕೆ ಬರಲ್ಲ.

ತೇವದ ಕಥೆ ಬೇರೆ. ಡಿಸೆಂಬರಿನಲ್ಲಿ ಚಿಕ್ಕಮಗಳೂರು ಕಡೆ ಎರಡು ರಾತ್ರಿ ನಮ್ಮ ಮೇಲೆ ತಣ್ಣಗೆ ಹನಿ ಬಿತ್ತು. ಚಾವಣಿ ಸೋರುತ್ತಿದೆ ಅಂತ ನಾನು ಬೆಳಿಗ್ಗೆ ಮೇಲೆ ಹತ್ತಿ ಎಲ್ಲ ಕೀಲು ನೋಡಿದೆ, ಏನೂ ಇಲ್ಲ. ಮಳೆಯೂ ಬಂದಿರಲಿಲ್ಲ. ಆ ನೀರು ನಮ್ಮದೇ ಉಸಿರು! ಇಬ್ಬರು ಮಲಗಿದರೆ ರಾತ್ರಿ ಪೂರ್ತಿ ಉಸಿರು ಬೆವರು ಸೇರಿ ಅರ್ಧದಿಂದ ಒಂದು ಲೀಟರ್ ನೀರು ಗಾಳಿಗೆ ಸೇರುತ್ತದೆ. ಚಳಿಗೆ ಕಿಟಕಿ ಮುಚ್ಚಿದ್ದೆವು. ಫೋಮ್ ಹಾಕದೆ ಬಿಟ್ಟಿದ್ದ ಚಾವಣಿಯ ಪಕ್ಕೆಲುಬಿನಂಥ ಕಬ್ಬಿಣದ ಪಟ್ಟಿಗಳು ತಣ್ಣಗಾಗಿ, ತಣ್ಣನೆ ಲೋಟದ ಹೊರಗೆ ನೀರು ಕೂರುವ ಹಾಗೆ ಅಲ್ಲೆಲ್ಲ ಹನಿ ಕೂತಿತ್ತು. ಆ ಪಟ್ಟಿಗಳಿಗೂ ಫೋಮ್ ಸುತ್ತಿದೆ. ಚಳಿ ಇದ್ದರೂ ಫ್ಯಾನ್ ಸಣ್ಣಗೆ ಓಡುತ್ತಿರಲಿ, ಕಂಬಳಿ ಒಂದು ಜಾಸ್ತಿ ಹೊದ್ದುಕೊಂಡರಾಯ್ತು.

ಇನ್ನು ಎಲ್ಲರೂ ಹೆದರುವ ಕರೆಂಟು. ಹೆದರಬೇಡಿ, ಆದರೆ ಲೆಕ್ಕ ಮಾತ್ರ ಬಿಡಬೇಡಿ. ಒಂದು ದಿನಕ್ಕೆ ಏನೇನು ಎಷ್ಟು ತಿನ್ನುತ್ತದೆ ಅಂತ ಬರೆಯಿರಿ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 45 ವ್ಯಾಟ್, ನಮ್ಮ ಸೆಕೆಗೆ ದಿನದಲ್ಲಿ ಹೆಚ್ಚುಕಮ್ಮಿ ಅರ್ಧ ಹೊತ್ತು ಓಡುತ್ತದೆ, ವ್ಯಾಟನ್ನು ಗಂಟೆಯಿಂದ ಗುಣಿಸಿದರೆ ಸುಮಾರು 500 ವ್ಯಾಟ್ ಅವರ್. ಹಾಸಿಗೆ ಪಕ್ಕದ ಫ್ಯಾನ್ 20 ವ್ಯಾಟ್, ಹತ್ತು ಗಂಟೆಗೆ 200. ಫೋನು, ಲ್ಯಾಪ್‌ಟಾಪ್, ಕಿಟಕಿ ಫ್ಯಾನ್, ದೀಪ, ನೀರಿನ ಪಂಪ್ ಎಲ್ಲ ಸೇರಿ ಇನ್ನೊಂದು 200. ಒಟ್ಟು 900. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಫ್ರಿಜ್ಜಿನದೇ. ಫ್ರಿಜ್ ಬೇಡ ಅಂದವರಿಗೆ ಈ ಇಡೀ ಭಾಗ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ.

100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಂದರೆ 12.8 ವೋಲ್ಟ್ ಗುಣಿಸು 100, ಅಂದರೆ 1,280 ವ್ಯಾಟ್ ಅವರ್. ಅದರಲ್ಲಿ ಬಹುಪಾಲು ಬಳಸಬಹುದು. ತೂಕ ಸುಮಾರು 12 ಕೆಜಿ. ಮನೆ ಯುಪಿಎಸ್‌ಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಅಗ್ಗ ನಿಜ. ಆದರೆ ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬೇಗ ಸಾಯುತ್ತದೆ, ಹಾಗಾಗಿ ಇಷ್ಟೇ ಕೆಲಸಕ್ಕೆ 150 ಆಂಪಿಯರ್ ಅವರ್‌ನದು ಬೇಕು, ಅದು 50 ಕೆಜಿ ಮೀರುತ್ತದೆ, ಚಾರ್ಜ್ ಆಗುವಾಗ ಬಿಡುವ ಗ್ಯಾಸ್ ಹೊರಗೆ ಹೋಗಲು ದಾರಿಯೂ ಬೇಕು. ನೋಡಿದಿರಾ, ಮತ್ತೆ ವೇ ಬ್ರಿಡ್ಜ್‌ಗೇ ಬಂದು ನಿಂತೆವು.

ತುಂಬಿಸುವುದು ಹೇಗೆ? 200 ವ್ಯಾಟಿನ ಮಡಚುವ ಸೋಲಾರ್ ಪ್ಯಾನೆಲ್ ಬೆಂಗಳೂರಿನ ಒಳ್ಳೆ ಬಿಸಿಲಲ್ಲಿ ದಿನಕ್ಕೆ 750 ವ್ಯಾಟ್ ಅವರ್ ಕೊಟ್ಟೀತು. ಜುಲೈನಲ್ಲಿ ಪಶ್ಚಿಮ ಘಟ್ಟದಲ್ಲಿ ಅದನ್ನು ಹೊರಗೆ ಇಟ್ಟರೆ ಚೆನ್ನಾಗಿ ತೊಳೆದು ಸ್ವಚ್ಛ ಆಗುತ್ತದೆ, ಅಷ್ಟೆ. ಅಲ್ಲಿ ಕಾಪಾಡುವುದು ಇಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಗಾಡಿಯ ಆಲ್ಟರ್ನೇಟರ್. ಇಲ್ಲಿ ಒಂದು ಎಚ್ಚರಿಕೆ: ಲಿಥಿಯಂ ಬ್ಯಾಟರಿಯನ್ನು ಗಾಡಿ ಬ್ಯಾಟರಿಗೆ ನೇರ ಜೋಡಿಸಬೇಡಿ. ಅದರ ಒಳಗಿನ ತಡೆ ತುಂಬಾ ಕಡಿಮೆ, ಹಸಿದ ಎಮ್ಮೆ ಕಲಗಚ್ಚಿನ ಬಾನಿಗೆ ಮೂತಿ ಇಟ್ಟ ಹಾಗೆ ಸಿಕ್ಕಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ ಟು ಡಿಸಿ ಚಾರ್ಜರ್ ಹಾಕಬೇಕು. 30 ಆಂಪಿಯರಿನದು ಇದ್ದರೆ ಎರಡು ಗಂಟೆ ಓಡಿಸಿದಾಗ ಸುಮಾರು 750 ವ್ಯಾಟ್ ಅವರ್ ತುಂಬುತ್ತದೆ.

ವೈರ್ ದಪ್ಪದ ಬಗ್ಗೆ ನನ್ನ ಪೆದ್ದುತನ ಹೇಳಲೇಬೇಕು. ಮೂಡಿಗೆರೆ ಹತ್ತಿರ ಒಂದು ಹೋಮ್‌ಸ್ಟೇ ಅಂಗಳ, ರಾತ್ರಿ ಎರಡು ಗಂಟೆ. ಫ್ರಿಜ್ ಕಿಂಯ್ ಕಿಂಯ್ ಅಂತ ಕೂಗಿ ಆಫ್ ಆಯಿತು, ಬ್ಯಾಟರಿ ಕಡಿಮೆ ಅಂತ ತೋರಿಸಿತು. ಆಗ ನಮ್ಮ ಹತ್ತಿರ ಇದ್ದದ್ದು ಹಳೇ ಥರದ ಬ್ಯಾಟರಿ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮಲ್ಟಿಮೀಟರ್ ಇಟ್ಟೆ. ಬ್ಯಾಟರಿ ತುದಿಯಲ್ಲಿ 12.4 ವೋಲ್ಟ್, ಚೆನ್ನಾಗಿಯೇ ಇದೆ. ಫ್ರಿಜ್ ಹತ್ತಿರ ಕಂಪ್ರೆಸರ್ ಶುರುವಾಗುವ ಆ ಕ್ಷಣ 11.2. ನಡುವಿನ 1.2 ವೋಲ್ಟ್ ಎಲ್ಲಿ ಹೋಯಿತು? ವೈರ್ ತಿಂದಿತ್ತು. ಮನೆಗೆ ತಂದು ಮಿಕ್ಕಿದ್ದ 1.5 ಸ್ಕ್ವೇರ್ ಮಿಲಿಮೀಟರ್ ವೈರನ್ನೇ ಐದು ಮೀಟರ್ ಎಳೆದಿದ್ದೆ, ಹೋಗಿ ಬರುವುದು ಸೇರಿ ಹತ್ತು ಮೀಟರ್. ಬೆಳಿಗ್ಗೆ ಟೀಗೆ ಹಾಕಿದ ಹಾಲು ಒಡೆಯಿತು.

ಯಾಕೆ ಹೀಗೆ ಅಂದರೆ, 60 ವ್ಯಾಟಿನ ವಸ್ತು ಮನೆಯ 230 ವೋಲ್ಟಿನಲ್ಲಿ ಎಳೆಯುವುದು ಕಾಲು ಆಂಪಿಯರ್. ಅದೇ 60 ವ್ಯಾಟ್ 12 ವೋಲ್ಟಿನಲ್ಲಿ 5 ಆಂಪಿಯರ್, ಸುಮಾರು ಇಪ್ಪತ್ತು ಪಟ್ಟು. ತೋಟಕ್ಕೆ ನೀರು ಬಿಟ್ಟವರಿಗೆ ಇದು ತಕ್ಷಣ ಅರ್ಥ ಆಗುತ್ತದೆ: ಅರ್ಧ ಇಂಚಿನ ಪೈಪನ್ನು ಉದ್ದ ಎಳೆದರೆ ಕೊನೆಯ ಅಡಿಕೆ ಗಿಡಕ್ಕೆ ಹನಿ ಮಾತ್ರ. ಪೈಪ್ ದಪ್ಪ ಮಾಡಿ, ಇಲ್ಲ ದೂರ ಕಡಿಮೆ ಮಾಡಿ. ನಾನು ಎರಡೂ ಮಾಡಿದೆ. ಫ್ರಿಜ್ ಬ್ಯಾಟರಿ ಪಕ್ಕಕ್ಕೆ ಬಂತು, ವೈರ್ 4 ಸ್ಕ್ವೇರ್ ಆಯಿತು. ಎಳೆ ಎಳೆ ತಾಮ್ರದ ಬಗ್ಗುವ ವೈರೇ ಬೇಕು, ಒಂದೇ ಗಟ್ಟಿ ಎಳೆಯದ್ದು ಅಲುಗಾಟಕ್ಕೆ ಮುರಿಯುತ್ತದೆ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಗೆ ಗೇಣಿನಷ್ಟು ಹತ್ತಿರದಲ್ಲಿ ಇರಬೇಕು. ಫ್ಯೂಸ್ ಇರುವುದು ವೈರನ್ನು ಕಾಪಾಡಲು, ಫ್ರಿಜ್ಜನ್ನಲ್ಲ. ಅದು ದೂರದಲ್ಲಿದ್ದರೆ ಅಲ್ಲಿಯವರೆಗಿನ ವೈರಿಗೆ ಯಾರೂ ಕಾವಲು ಇಲ್ಲ, ಎಲ್ಲಾದರೂ ತಗಡಿಗೆ ಉಜ್ಜಿ ತಾಗಿದರೆ ಬೆಂಕಿ. ಇಂಡಕ್ಷನ್ ಒಲೆ ಆಸೆ ಬಿಡಿ. 1,800 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ 150 ಆಂಪಿಯರ್ ಮೀರುತ್ತದೆ.

ಒಲೆಗೆ ಗ್ಯಾಸೇ ಸರಿ, 5 ಕೆಜಿ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ನೀರಿನ ಹಾಗೆ ನೆಲದಲ್ಲಿ ನಿಲ್ಲುತ್ತದೆ, ಅಂದರೆ ನೀವು ಮಲಗಿರುವ ಮಟ್ಟದಲ್ಲೇ. ಕಿಟಕಿ ತೆರೆದಿದ್ದೇನೆ ಅಂದರೆ ಸಾಲದು. ನಮ್ಮ ಒಲೆ ಹಿಂದಿನ ಬಾಗಿಲ ಹೊರಗೆ ಎಳೆಯುವ ಹಲಗೆ ಮೇಲೆ. ಮೇಲೆ ಎತ್ತಿದ ಬಾಗಿಲೇ ಮಳೆಗೆ ಕೊಡೆ. ರಾತ್ರಿ ಸಿಲಿಂಡರ್ ಹೊರಗೆ. ಮುಚ್ಚಿದ ವ್ಯಾನಿನಲ್ಲಿ ಒಲೆ ಹಚ್ಚಿ ಚಳಿ ಕಾಯಿಸುವುದಂತೂ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ನೀರಿಗೆ ನಾವು ಟ್ಯಾಂಕ್ ಮಾಡಿಸಲಿಲ್ಲ. ಎಲ್ಲ ಊರಲ್ಲೂ ಸಿಗುವ 20 ಲೀಟರ್ ಕ್ಯಾನ್ ಎರಡು, ಒಂದು ಪುಟ್ಟ ಪಂಪ್. ಖಾಲಿ ಆದರೆ ಅಂಗಡಿಯಲ್ಲಿ ಬದಲಾಯಿಸಿದರಾಯ್ತು. ಟಾಯ್ಲೆಟ್ ಬಗ್ಗೆ ಎಲ್ಲರೂ ಪಿಸುಮಾತಲ್ಲಿ ಕೇಳುತ್ತಾರೆ, ಗಟ್ಟಿಯಾಗಿಯೇ ಹೇಳುತ್ತೇನೆ. ಮಲ ಮೂತ್ರ ಎರಡೂ ಒಟ್ಟಿಗೆ ಸೇರಿದಾಗಲೇ ಕೆಟ್ಟ ವಾಸನೆ. ಬೇರೆ ಮಾಡಿದರೆ, ಗಟ್ಟಿ ಭಾಗಕ್ಕೆ ಎರಡು ಹಿಡಿ ಒಣ ತೆಂಗಿನ ನಾರಿನ ಪುಡಿ ಸುರಿದರೆ, ವಾಸನೆ ನಿಜಕ್ಕೂ ಇರಲ್ಲ. ಈ ಪುಡಿಗೆ ತಿಪಟೂರು ಅರಸೀಕೆರೆ ಕಡೆ ಬರವಿಲ್ಲ. ಆದರೂ ನಾವು ವ್ಯಾನಿನ ಟಾಯ್ಲೆಟ್ ಬಳಸುವುದು ರಾತ್ರಿ ಮಾತ್ರ, ಹಗಲಲ್ಲಿ ಪೆಟ್ರೋಲ್ ಬಂಕ್ ಇದ್ದೇ ಇದೆ.

ಇದೆಲ್ಲ ಓದಿ ನಾಳೆಯೇ ಪ್ಲೈವುಡ್ ಅಂಗಡಿಗೆ ಹೋಗಬೇಡಿ. ಮೊದಲು ಖಾಲಿ ವ್ಯಾನಿನಲ್ಲಿ ಚಾಪೆ, ಬಕೆಟ್ಟು, ಒಂದು ನೀರಿನ ಕ್ಯಾನ್ ಹಾಕಿಕೊಂಡು ಎರಡು ರಾತ್ರಿ ಮಲಗಿ, ಮನೆ ಗೇಟಿನ ಮುಂದೆಯೇ ಆದರೂ ಸರಿ. ಎಲ್ಲೆಲ್ಲಿ ಏನು ಬರಬೇಕು ಅಂತ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ. ಎರಡನೇ ಸಲ ಮಾಡುವ ಮುಂಚೆ ನಾವು ಹೀಗೇ ಮಾಡಿದೆವು. ಸಕಲೇಶಪುರದಲ್ಲಿ ಜೋರು ಮಳೆ, ಇಬ್ಬರೂ ಓಡಿ ಬಂದು ಒಳಗೆ ಹತ್ತಿದೆವು, ಕೆಸರಾದ ಚಪ್ಪಲಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ ನಾಲ್ಕೂ ಚಪ್ಪಲಿ, ಒದ್ದೆ ಕೊಡೆ, ಎರಡು ಜಿಗಣೆ ಸಮೇತ, ನನ್ನ ನಕ್ಷೆಯಲ್ಲಿ ಸಿಂಕ್ ಅಂತ ಟೇಪ್ ಅಂಟಿಸಿದ್ದ ಚೌಕದ ಒಳಗೇ ಬಿದ್ದಿದ್ದವು. ಈಗ ಅಲ್ಲಿ ಒಂದು ಪ್ಲಾಸ್ಟಿಕ್ ಟ್ರೇ ಇದೆ, ಚಪ್ಪಲಿಗೆ. ಸಿಂಕ್ ಹಿಂದಿನ ಬಾಗಿಲಿಗೆ ಹೋಯಿತು.